ಮಾರ್ಪಡಿಸಿದ ಎಂಜಿನ್‌ನಲ್ಲಿ ಫ್ಯೂಯೆಲ್ ಪ್ರೆಶರ್ ಹೊಂದಿಸುವುದು

ಇಂಜೆಕ್ಟರ್‌ಗೆ ಪೆಟ್ರೋಲ್ ಅಳೆಯಲು ಬರುವುದಿಲ್ಲ. ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಹೇಳಿದಷ್ಟು ಮಿಲಿಸೆಕೆಂಡ್ ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುವುದಷ್ಟೇ ಅದರ ಕೆಲಸ. ಆ ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅದರ ಹಿಂದಿರುವ ಒತ್ತಡ. ಇಸಿಯು ಮಾಡುವ ಲೆಕ್ಕವೆಲ್ಲ ಆ ಒತ್ತಡ ಇಂತಿಷ್ಟೇ ಇದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಟರ್ಬೊ ಕೂರಿಸಿರಲಿ, ಕ್ಯಾಮ್ ಬದಲಿಸಿರಲಿ, ದೊಡ್ಡ ಇಂಜೆಕ್ಟರ್ ಹಾಕಿರಲಿ, ಆ ನಂಬಿಕೆ ಸುಳ್ಳಾಗಿದ್ದರೆ ಅದರ ಮೇಲೆ ಇಸಿಯುನಲ್ಲಿ ಮಾಡಿದ ಮ್ಯಾಪಿಂಗ್, ಅಂದರೆ ಪೆಟ್ರೋಲ್ ಅಳತೆಯ ಕೋಷ್ಟಕ, ಎಲ್ಲ ಮರಳ ಮೇಲೆ ಕಟ್ಟಿದ ಹಾಗೆ.

ಆದ್ದರಿಂದ ಈ ಒತ್ತಡವನ್ನು ಹಿಡಿದಿಡುವ ರೆಗ್ಯುಲೇಟರ್‌ನ ಸ್ಕ್ರೂವನ್ನು ಟ್ಯೂನಿಂಗ್ ಸಾಧನ ಎಂದುಕೊಳ್ಳಬೇಡಿ. ಅದನ್ನು ಒಮ್ಮೆ ಸರಿಯಾದ ಅಂಕೆಗೆ ಕೂರಿಸಿ, ಲಾಕ್‌ನಟ್ ಬಿಗಿದು, ಕೈ ತೆಗೆಯಬೇಕು. ರಿಚ್ (ಪೆಟ್ರೋಲ್ ಹೆಚ್ಚು), ಲೀನ್ (ಪೆಟ್ರೋಲ್ ಕಡಿಮೆ) ಸರಿಪಡಿಸುವುದೆಲ್ಲ ಇಸಿಯುನಲ್ಲಿ. ಟಾಪ್ ಎಂಡ್‌ನಲ್ಲಿ, ಅಂದರೆ ಹೆಚ್ಚಿನ ಆರ್‌ಪಿಎಂನಲ್ಲಿ, ಲೀನ್ ಆಗುತ್ತಿದೆ ಎಂದು ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸುವ ಅಭ್ಯಾಸವಿದೆಯಲ್ಲ, ಪಿಸ್ಟನ್ ಕರಗುವ ಕಥೆಗಳು ಬಹಳಷ್ಟು ಸಲ ಶುರುವಾಗುವುದೇ ಅಲ್ಲಿಂದ. ಏಕೆ ಎಂಬುದು ಮುಂದೆ ಬರುತ್ತದೆ.

ಇಲ್ಲಿ ಹೇಳುವ ಹೆಚ್ಚಿನ ಮಾತು ಪೋರ್ಟ್ ಇಂಜೆಕ್ಷನ್ ಇರುವ, ಟ್ಯಾಂಕ್‌ಗೆ ರಿಟರ್ನ್ ಪೈಪ್ ಇರುವ ಪೆಟ್ರೋಲ್ ಎಂಜಿನ್‌ಗಳಿಗೆ ಅನ್ವಯಿಸುತ್ತದೆ. ಕಾರ್ಬುರೇಟರ್, ರಿಟರ್ನ್ ಇಲ್ಲದ ವ್ಯವಸ್ಥೆ, ಡೈರೆಕ್ಟ್ ಇಂಜೆಕ್ಷನ್ ಇವುಗಳ ವಿಷಯ ಕೊನೆಯಲ್ಲಿದೆ.

ಗೇಜ್ ತೋರಿಸುವುದು ಒಂದು, ಇಂಜೆಕ್ಟರ್‌ಗೆ ಸಿಗುವುದು ಇನ್ನೊಂದು

ಇಂಜೆಕ್ಟರ್‌ನ ಒಂದು ತುದಿ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲ್‌ನಲ್ಲಿದೆ, ಇನ್ನೊಂದು ತುದಿ ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿದೆ. ಪೆಟ್ರೋಲನ್ನು ತಳ್ಳುವುದು ಈ ಎರಡು ಕಡೆಯ ಒತ್ತಡದ ವ್ಯತ್ಯಾಸ. ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಇದ್ದಾಗ ಅದು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ, ಬೂಸ್ಟ್ ಇದ್ದಾಗ ವಾಪಸ್ ಒತ್ತುತ್ತದೆ. ರೆಗ್ಯುಲೇಟರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಸಣ್ಣ ಹೋಸ್ ಇರುವುದು ಇದನ್ನು ಸರಿದೂಗಿಸಲಿಕ್ಕೆ. ಮ್ಯಾನಿಫೋಲ್ಡ್ ಒತ್ತಡ ಎಷ್ಟು ಏರಿದರೆ ರೈಲ್ ಒತ್ತಡವೂ ಅಷ್ಟೇ ಏರುತ್ತದೆ, ಎಷ್ಟು ಇಳಿದರೆ ಅಷ್ಟೇ ಇಳಿಯುತ್ತದೆ. ಒಂದಕ್ಕೆ ಒಂದು ಅನುಪಾತದ ರೆಗ್ಯುಲೇಟರ್ ಎನ್ನುವುದು ಇದನ್ನೇ.

ಆ ಹೋಸ್ ಬಿಚ್ಚಿಟ್ಟಾಗ ರೈಲ್‌ನಲ್ಲಿರುವ ಒತ್ತಡವೇ ಬೇಸ್ ಪ್ರೆಶರ್. ಅದು 3 ಬಾರ್, ಅಂದರೆ ಸುಮಾರು 43.5 ಪಿಎಸ್‌ಐ, ಎಂದು ಇಟ್ಟುಕೊಳ್ಳಿ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ 0.65 ಬಾರ್ ಇದ್ದರೆ ಗೇಜ್ 2.35 ತೋರಿಸಬೇಕು. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಮ್ಯಾನಿಫೋಲ್ಡ್ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡದಲ್ಲೇ ಇರುವುದರಿಂದ ಗೇಜ್ 3ರ ಹತ್ತಿರ ಬರಬೇಕು. ಟರ್ಬೊ 1 ಬಾರ್ ಬೂಸ್ಟ್ ಕೊಡುತ್ತಿದ್ದರೆ ಗೇಜ್ 4 ತೋರಿಸಬೇಕು. ಮೂರೂ ಸಂದರ್ಭದಲ್ಲಿ ಇಂಜೆಕ್ಟರ್‌ಗೆ ಸಿಗುವ ವ್ಯತ್ಯಾಸ 3 ಬಾರ್ ಮಾತ್ರ. ಐಡಲ್‌ನಲ್ಲಿ ಹೋಸ್ ಇದ್ದ ಹಾಗೆಯೇ ಗೇಜ್ ನೋಡಿ, 2.35 ಕಂಡು ಗಾಬರಿಯಾಗಿ 3ಕ್ಕೆ ಏರಿಸಿದರೆ ನಿಜವಾದ ಬೇಸ್ 3.65 ಆಗಿ ಕೂರುತ್ತದೆ. ಬಹಳ ಜನ ಮಾಡುವ ತಪ್ಪು ಇದು.

ಹೋಸ್ ಬಿಟ್ಟುಹೋಗಿದ್ದರೆ ಏನಾಗುತ್ತದೆ? 1 ಬಾರ್ ಬೂಸ್ಟ್‌ನಲ್ಲಿ ರೈಲ್ 3 ಬಾರ್‌ನಲ್ಲೇ ಉಳಿಯುತ್ತದೆ, ವ್ಯತ್ಯಾಸ 2ಕ್ಕೆ ಇಳಿಯುತ್ತದೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುವುದರಿಂದ ಪೆಟ್ರೋಲ್ ಸುಮಾರು 18 ಶೇಕಡಾ ಕಡಿಮೆಯಾಗುತ್ತದೆ. 1.5 ಬಾರ್ ಬೂಸ್ಟ್‌ನಲ್ಲಾದರೆ 29 ಶೇಕಡಾ. ಐಡಲ್‌ನಲ್ಲಿ, ನಿಧಾನ ಓಡಾಟದಲ್ಲಿ ಗಾಡಿ ಸ್ವಲ್ಪ ರಿಚ್ ಅನ್ನಿಸುವುದು ಬಿಟ್ಟರೆ ಬೇರೇನೂ ಗೊತ್ತಾಗದು. ಎಂಜಿನ್ ಮೇಲೆ ಪೂರ್ತಿ ಹೊರೆ ಬಿದ್ದ ಕ್ಷಣದಲ್ಲೇ ಅದು ಕೈಕೊಡುತ್ತದೆ.

ಯಾವ ಅಂಕೆಗೆ ಇಡಬೇಕು

ಇಂಜೆಕ್ಟರ್ ತಯಾರಕರು ತಮ್ಮ ಹರಿವಿನ ಅಂಕೆಯನ್ನು ಯಾವ ಒತ್ತಡದಲ್ಲಿ ಅಳೆದಿದ್ದಾರೋ ಅದೇ ನಿಮ್ಮ ಮೊದಲ ಆಯ್ಕೆ. ಸಾಮಾನ್ಯವಾಗಿ ಅದು 3 ಬಾರ್. ಮೂಲ ಎಂಜಿನ್‌ನ ಬೇಸ್ ಪ್ರೆಶರ್ 2.5, 3.5 ಅಥವಾ 4 ಬಾರ್ ಇರುವ ಗಾಡಿಗಳೂ ಇವೆ. ಮೂಲ ಇಂಜೆಕ್ಟರ್‌ಗಳನ್ನೇ ಉಳಿಸಿಕೊಂಡಿದ್ದರೆ ಸರ್ವಿಸ್ ಮ್ಯಾನುಯಲ್‌ನ ಅಂಕೆಯನ್ನೇ ಉಳಿಸಿ. ಗಾಡಿಯ ಶಕ್ತಿ ಹೆಚ್ಚಿಸಿದ್ದೇವೆ ಎಂಬ ಒಂದೇ ಕಾರಣಕ್ಕೆ ಒತ್ತಡ ಹೆಚ್ಚಿಸಬೇಕಾಗಿಲ್ಲ.

ಒತ್ತಡ ಏರಿಸಿದರೆ ಸಿಗುವ ಲಾಭ ನೋಡಿ. ನಿಮಿಷಕ್ಕೆ 550 ಸಿಸಿ ಹರಿಸುವ ಇಂಜೆಕ್ಟರ್ 3 ಬಾರ್‌ನಿಂದ 4 ಬಾರ್‌ಗೆ ಹೋದರೆ 635 ಸಿಸಿ ಆಗುತ್ತದೆ. ಒತ್ತಡ ಮೂರನೇ ಒಂದು ಪಾಲು ಏರಿತು, ಪೆಟ್ರೋಲ್ ಏರಿದ್ದು 15 ಶೇಕಡಾ. ಇಂಜೆಕ್ಟರ್ ಸ್ವಲ್ಪವೇ ಸಾಲದೆ ಬಂದಾಗ ಇದು ಒಪ್ಪಬಹುದಾದ ಉಪಾಯ. ಅದಕ್ಕೆ ತೆರುವ ಬೆಲೆಯೂ ಇದೆ. ಒತ್ತಡ ಹೆಚ್ಚಿದಷ್ಟೂ ಪಂಪ್ ಕಡಿಮೆ ಲೀಟರ್ ಕೊಡುತ್ತದೆ, ಹೆಚ್ಚು ಕರೆಂಟ್ ಎಳೆಯುತ್ತದೆ. ಇಂಜೆಕ್ಟರ್ ಸೂಜಿ ಆ ಒತ್ತಡದ ವಿರುದ್ಧ ತೆರೆದುಕೊಳ್ಳಬೇಕಾಗಿರುವುದರಿಂದ ಡೆಡ್ ಟೈಮ್, ಅಂದರೆ ಕರೆಂಟ್ ಬಂದಮೇಲೂ ಪೆಟ್ರೋಲ್ ಹರಿಯದ ಆ ಚೂರು ಸಮಯ, ಬದಲಾಗುತ್ತದೆ. ತೀರಾ ಹೆಚ್ಚಾದರೆ ಬ್ಯಾಟರಿ ವೋಲ್ಟೇಜ್ ಇಳಿದಾಗ ಇಂಜೆಕ್ಟರ್ ಸರಿಯಾಗಿ ತೆರೆಯದೆಯೂ ಇರಬಹುದು. ಇಂಜೆಕ್ಟರ್‌ನ ಡೇಟಾ ಶೀಟ್‌ನಲ್ಲಿ ಗರಿಷ್ಠ ಒತ್ತಡ ಬರೆದಿರುತ್ತದೆ, ಅದನ್ನು ದಾಟಬೇಡಿ. ನಮ್ಮ ಮಟ್ಟಿಗೆ ಬೇಸ್ 4 ಬಾರ್ ದಾಟುವ ಯೋಚನೆ ಬಂದರೆ ಅದು ದೊಡ್ಡ ಇಂಜೆಕ್ಟರ್ ಕೊಳ್ಳುವ ಸಮಯ.

ಇಸಿಯು ಮುಟ್ಟಲಾಗದ ಕಾಲದಲ್ಲಿ ಟರ್ಬೊ ಕಿಟ್‌ಗಳ ಜೊತೆ ಏರು ಅನುಪಾತದ ರೆಗ್ಯುಲೇಟರ್ ಕೊಡುತ್ತಿದ್ದರು. ಹನ್ನೆರಡಕ್ಕೆ ಒಂದು ಅನುಪಾತದ್ದಾದರೆ ಪ್ರತಿ 1 ಪಿಎಸ್‌ಐ ಬೂಸ್ಟ್‌ಗೆ 12 ಪಿಎಸ್‌ಐ ಪೆಟ್ರೋಲ್ ಒತ್ತಡ. ಬರೀ 6 ಪಿಎಸ್‌ಐ ಬೂಸ್ಟ್‌ಗೆ ರೈಲ್ ಒತ್ತಡ 115 ಪಿಎಸ್‌ಐ ದಾಟಬೇಕಾಗುತ್ತದೆ. ಹೆಚ್ಚಿನ ಪಂಪ್‌ಗಳ ಒಳಗಿನ ರಿಲೀಫ್ ವಾಲ್ವ್ ಅಷ್ಟರಲ್ಲಿ ತೆರೆದುಕೊಳ್ಳಲು ಶುರುಮಾಡಿರುತ್ತದೆ. ಹಳೆಯ ಗಾಡಿಯಲ್ಲಿ ಅಂಥದ್ದು ಇನ್ನೂ ಇದ್ದರೆ ತೆಗೆದು ಒಂದಕ್ಕೆ ಒಂದರದ್ದು ಹಾಕಿ, ಇಸಿಯು ಟ್ಯೂನ್ ಮಾಡಿಸಿ.

ಮೂಲ ಇಸಿಯು ಹಾಗೇ ಇದ್ದು ಬರೀ ಒತ್ತಡ ಏರಿಸಿದರೂ ಪ್ರಯೋಜನ ಕಡಿಮೆ. ಸಾಧಾರಣ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಫ್ಯೂಯೆಲ್ ಟ್ರಿಮ್ (ಪೆಟ್ರೋಲ್ ಅಳತೆಯ ತಿದ್ದುಪಡಿ) ಇಳಿಸಿ, ನೀವು ಕೊಟ್ಟಿದ್ದನ್ನು ವಾಪಸ್ ಕಿತ್ತುಕೊಳ್ಳುತ್ತದೆ.

ಸ್ಕ್ರೂ ಮುಟ್ಟುವ ಮೊದಲು

ಪಂಪ್ ಸಾಕಷ್ಟು ದೊಡ್ಡದಿಲ್ಲದಿದ್ದರೆ ರೆಗ್ಯುಲೇಟರ್ ಏನೂ ಮಾಡಲಾರದು. ರೆಗ್ಯುಲೇಟರ್ ಒತ್ತಡವನ್ನು ಹುಟ್ಟಿಸುವುದಿಲ್ಲ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕ್‌ಗೆ ಬಿಟ್ಟು ಒತ್ತಡವನ್ನು ತಡೆದು ಹಿಡಿಯುತ್ತದೆ. ಬಿಡಲು ಹೆಚ್ಚುವರಿ ಇಲ್ಲವಾದರೆ ಅದು ಪೂರ್ತಿ ಮುಚ್ಚಿಕೊಂಡಿದ್ದರೂ ಒತ್ತಡ ಬೀಳುತ್ತದೆ.

ಲೆಕ್ಕ ಸುಲಭ. ಟರ್ಬೊ ಎಂಜಿನ್ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ತಿನ್ನುತ್ತದೆ, ಟರ್ಬೊ ಇಲ್ಲದ್ದು ಸುಮಾರು 230 ಗ್ರಾಂ. 300 ಹಾರ್ಸ್‌ಪವರ್‌ನ ಟರ್ಬೊ ಎಂಜಿನ್‌ಗೆ ಗಂಟೆಗೆ 81 ಕೆ.ಜಿ. ಪೆಟ್ರೋಲ್ ಲೀಟರ್‌ಗೆ ಸುಮಾರು 0.74 ಕೆ.ಜಿ. ತೂಗುವುದರಿಂದ ಅದು ಗಂಟೆಗೆ 110 ಲೀಟರ್ ಆಯಿತು. ಮೇಲೆ 25 ಶೇಕಡಾ ಮೀಸಲು ಸೇರಿಸಿ 137 ಲೀಟರ್ ಎಂದಿಟ್ಟುಕೊಳ್ಳಿ. ಮುಖ್ಯವಾದದ್ದು ಇನ್ನು ಮುಂದಿದೆ: ಈ 137 ಲೀಟರ್ ಸಿಗಬೇಕಾದದ್ದು ಬೇಸ್ ಮತ್ತು ಬೂಸ್ಟ್ ಎರಡೂ ಸೇರಿದ ಒತ್ತಡದಲ್ಲಿ, ಗಾಡಿಯಲ್ಲಿ ಪಂಪ್‌ಗೆ ನಿಜವಾಗಿ ತಲುಪುವ ವೋಲ್ಟೇಜ್‌ನಲ್ಲಿ. ಪೆಟ್ಟಿಗೆಯ ಮೇಲೆ 255 ಎಂದು ಬರೆದ ಪಂಪ್ ಆ ಅಂಕೆಯನ್ನು ಕೊಡುವುದು ತಯಾರಕರು ಹೇಳಿದ ಒತ್ತಡ ಮತ್ತು ವೋಲ್ಟೇಜ್‌ನಲ್ಲಿ ಮಾತ್ರ. ಪಂಪ್‌ನ ಒತ್ತಡ-ಹರಿವಿನ ಗ್ರಾಫ್ ತೆಗೆದು, ನಿಮ್ಮ ಗರಿಷ್ಠ ಒತ್ತಡದ ಗೆರೆಯಲ್ಲಿ ಎಷ್ಟು ಬರುತ್ತದೆ ನೋಡಿ. ಎಥನಾಲ್ ಹೆಚ್ಚಿರುವ ಇ85 ಇಂಧನ ಸುಡುವುದಾದರೆ 30ರಿಂದ 40 ಶೇಕಡಾ ಹೆಚ್ಚು ಬೇಕಾಗುತ್ತದೆ.

ಇಂಜೆಕ್ಟರ್‌ಗೂ ಅದೇ ಲೆಕ್ಕ. ಗಂಟೆಗೆ 110 ಲೀಟರ್ ಅಂದರೆ ನಿಮಿಷಕ್ಕೆ ಸುಮಾರು 1830 ಸಿಸಿ, ನಾಲ್ಕು ಸಿಲಿಂಡರ್‌ಗೆ ತಲಾ 458. ಡ್ಯೂಟಿ ಸೈಕಲ್, ಅಂದರೆ ಇಂಜೆಕ್ಟರ್ ತೆರೆದಿರುವ ಸಮಯದ ಪಾಲು, 85 ಶೇಕಡಾ ದಾಟದಂತೆ ನೋಡಿದರೆ ಸುಮಾರು 540. 550 ಸಿಸಿಯ ಇಂಜೆಕ್ಟರ್ ಸರಿಹೋಗುತ್ತದೆ.

ವೈರಿಂಗ್ ಕಡೆಗೆ ಜನ ಗಮನ ಕೊಡುವುದೇ ಇಲ್ಲ. ಮೂಲ ಪಂಪ್‌ಗೆ ಎಳೆದ ತೆಳು ವೈರ್‌ನಲ್ಲೇ ದೊಡ್ಡ ಪಂಪ್ ಓಡಿಸಿದರೆ ವೈರ್ ಬಿಸಿಯಾಗುತ್ತದೆ, ಪಂಪ್‌ಗೆ 11.5 ವೋಲ್ಟ್ ತಲುಪುತ್ತದೆ, ಹರಿವು ಕುಸಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಮತ್ತು ರಿಲೇ ಮೂಲಕ 4 ಚದರ ಮಿ.ಮೀ. ವೈರ್ ಎಳೆದು, ಮೂಲ ಪಂಪ್‌ನ ಲೈನನ್ನು ರಿಲೇ ಚಾಲೂ ಮಾಡಲು ಮಾತ್ರ ಬಳಸಿ. ಅರ್ಥ್ ವೈರ್ ಕೂಡ ಅಷ್ಟೇ ದಪ್ಪ ಇರಲಿ, ಬಣ್ಣ ಕೆರೆದ ಬಾಡಿಗೆ ಬಿಗಿಯಿರಿ. ಫ್ಯೂಸ್ ಅಳತೆ ಪಂಪ್‌ನ ಕರೆಂಟ್ ನೋಡಿ ಆರಿಸಿ. ಪಂಪ್ ಓಡುವಾಗ ಬ್ಯಾಟರಿಯಲ್ಲಿರುವ ವೋಲ್ಟೇಜ್‌ಗೂ ಪಂಪ್ ಕನೆಕ್ಟರ್‌ನಲ್ಲಿರುವುದಕ್ಕೂ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಹೋಸ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಇಂಜೆಕ್ಷನ್ ಲೈನ್‌ಗೆ ಎಸ್‌ಎಇ ಜೆ30ಆರ್9 ದರ್ಜೆಯ ಹೋಸ್ ಬೇಕು. ಜೆ30ಆರ್7 ಕಾರ್ಬುರೇಟರ್‌ನ ಕಡಿಮೆ ಒತ್ತಡಕ್ಕೆ ಮಾಡಿದ್ದು. ಟ್ಯಾಂಕ್ ಒಳಗೆ ಪೆಟ್ರೋಲ್‌ನಲ್ಲಿ ಮುಳುಗಿರುವ ತುಂಡಿಗೆ ಜೆ30ಆರ್10 ಬೇಕು, ಹೊರಗಿನ ಹೋಸನ್ನು ಒಳಗೆ ಹಾಕಿದರೆ ಅದರ ಹೊರಪದರ ಉಬ್ಬಿ ಕಿತ್ತುಬರುತ್ತದೆ. ಹಲ್ಲು ಕೊರೆದ ಅಗ್ಗದ ಕ್ಲಿಪ್‌ಗಳು ರಬ್ಬರ್ ಕತ್ತರಿಸುತ್ತವೆ, ಇಂಜೆಕ್ಷನ್‌ಗೆಂದೇ ಮಾಡಿದ ನಯ ಅಂಚಿನ ಕ್ಲಿಪ್ ಬಳಸಿ.

ರೆಗ್ಯುಲೇಟರ್ ರೈಲ್‌ನ ನಂತರ ಬರಬೇಕು: ಪಂಪ್, ಫಿಲ್ಟರ್, ರೈಲ್, ರೆಗ್ಯುಲೇಟರ್, ಅಲ್ಲಿಂದ ಟ್ಯಾಂಕ್. ರೆಫರೆನ್ಸ್ ಹೋಸನ್ನು, ಅಂದರೆ ರೆಗ್ಯುಲೇಟರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ ಆ ಸಣ್ಣ ಹೋಸನ್ನು, ಥ್ರಾಟಲ್ ಬಾಡಿಯ ನಂತರ, ಎಲ್ಲ ಸಿಲಿಂಡರ್‌ಗೂ ಗಾಳಿ ಹಂಚುವ ಪ್ಲೀನಮ್‌ನಿಂದಲೇ ತೆಗೆಯಿರಿ. ಒಂದೇ ಸಿಲಿಂಡರ್‌ಗೆ ಹೋಗುವ ರನ್ನರ್ ಪೈಪ್‌ನಿಂದ ತೆಗೆದರೆ ಒತ್ತಡ ಮಿಡಿಯುತ್ತಿರುತ್ತದೆ. ಬೂಸ್ಟ್ ಕಂಟ್ರೋಲರ್, ಬ್ಲೋ ಆಫ್ ವಾಲ್ವ್, ಬ್ರೇಕ್ ಬೂಸ್ಟರ್ ಇವುಗಳ ಹೋಸ್‌ಗೆ ಟೀ ಹಾಕಿ ಹಂಚಿಕೊಳ್ಳಬೇಡಿ. ನಡುವೆ ಒನ್-ವೇ ವಾಲ್ವ್ ಇರಕೂಡದು. ಎರಡೂ ತುದಿಗೆ ಕ್ಲಿಪ್ ಹಾಕಿ, ಬೂಸ್ಟ್‌ನಲ್ಲಿ ಈ ಹೋಸ್ ಕಿತ್ತುಬಂದರೆ ಏನಾಗುತ್ತದೆಂದು ಮೇಲೆ ನೋಡಿದ್ದೇವೆ.

ಗೇಜ್

0ರಿಂದ 7 ಬಾರ್ ಅಥವಾ 0ರಿಂದ 100 ಪಿಎಸ್‌ಐ ಅಳತೆಯ ಗೇಜ್ ಸಾಕು. ಗ್ಲಿಸರಿನ್ ತುಂಬಿದ ಗೇಜ್‌ನ ಮುಳ್ಳು ನಡುಗುವುದಿಲ್ಲ ಎಂಬುದು ಅನುಕೂಲ. ಆದರೆ ಪೂರ್ತಿ ಮುಚ್ಚಿದ ಗೇಜ್ ಎಂಜಿನ್ ಬಿಸಿಯಲ್ಲಿ ಕಾದಾಗ ಒಳಗಿನ ಒತ್ತಡ ಏರಿ, ಇರುವುದಕ್ಕಿಂತ ಕಡಿಮೆ ತೋರಿಸಲು ಶುರುಮಾಡುತ್ತದೆ. ಬಾನೆಟ್ ಕೆಳಗೆ ಬಿಸಿಯಾದ ಗೇಜ್ ನೋಡಿ ಒತ್ತಡ ಬಿದ್ದಿದೆ ಎಂದು ಸ್ಕ್ರೂ ತಿರುಗಿಸುವವರು ಕಡಿಮೆಯೇನಿಲ್ಲ. ಗೇಜ್ ತಣ್ಣಗಿದ್ದಾಗ ಹೊಂದಿಸಿ, ಅಥವಾ ಮೇಲಿನ ರಬ್ಬರ್ ಬಿರಡೆಯನ್ನು ಕ್ಷಣ ಎತ್ತಿ ಒಳಗಿನ ಗಾಳಿ ಬಿಡಿ. ಪೆಟ್ರೋಲ್ ತುಂಬಿದ ಲೈನನ್ನು ಕ್ಯಾಬಿನ್ ಒಳಗೆ ಎಳೆದು ಡ್ಯಾಶ್‌ಬೋರ್ಡ್‌ನಲ್ಲಿ ಗೇಜ್ ಕೂರಿಸಲೇಬಾರದು. ಅಲ್ಲಿಗೆ ವಿದ್ಯುತ್ ಸೆನ್ಸರ್ ಮಾತ್ರ.

ಓಡುವ ಗಾಡಿಯ ಸ್ಥಿತಿ ತಿಳಿಯಲು ರೈಲ್‌ಗೆ 10 ಬಾರ್‌ನ ಸೆನ್ಸರ್ ಕೂರಿಸಿ ಇಸಿಯುಗೆ ಜೋಡಿಸುವುದೇ ಸರಿ. ಸೆನ್ಸರ್ ಖರ್ಚು ಒಂದು ಪಿಸ್ಟನ್‌ಗಿಂತ ಕಡಿಮೆ.

ಹೊಂದಿಸುವ ಕ್ರಮ

ಎಂಜಿನ್ ತಣ್ಣಗಿರಲಿ. ಗಾಳಿಯಾಡುವ ಜಾಗ ಇರಲಿ, ಒಣ ಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಲಿ, ಕಣ್ಣಿಗೆ ಕನ್ನಡಕ ಇರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ.

1. ಪಂಪ್‌ನ ಫ್ಯೂಸ್ ಅಥವಾ ರಿಲೇ ತೆಗೆದು ಎಂಜಿನ್ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಿ. ರೈಲ್‌ನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಟ್ಟೆ ಸುತ್ತಿ ಹಿಡಿದು ರೈಲ್‌ಗೆ ಅಥವಾ ರೆಗ್ಯುಲೇಟರ್‌ನ ಗೇಜ್ ತೂತಿಗೆ ಗೇಜ್ ಕೂರಿಸಿ.

2. ರೆಗ್ಯುಲೇಟರ್‌ನ ಲಾಕ್‌ನಟ್ ಸಡಿಲಿಸಿ, ಸ್ಕ್ರೂವನ್ನು ಎಡಕ್ಕೆ ತಿರುಗಿಸಿ ಸ್ಪ್ರಿಂಗ್ ಸಡಿಲ ಬಿಡಿ. ಬಲಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ. ಸ್ಕ್ರೂ ಪೂರ್ತಿ ಕಿತ್ತುಬರುವಷ್ಟು ಬಿಚ್ಚಬೇಡಿ.

3. ರೆಫರೆನ್ಸ್ ಹೋಸನ್ನು ರೆಗ್ಯುಲೇಟರ್ ಕಡೆಯಿಂದ ಎಳೆದು, ಮ್ಯಾನಿಫೋಲ್ಡ್‌ಗೆ ಹೋಗುವ ಹೋಸ್ ಬಾಯನ್ನು ಬೆಣೆ ಇಟ್ಟು ಮುಚ್ಚಿ. ರೆಗ್ಯುಲೇಟರ್‌ನ ಮೂತಿಯನ್ನು ತೆರೆದೇ ಬಿಡಿ, ಅದಕ್ಕೆ ಹೊರಗಿನ ಗಾಳಿ ಸಿಗಬೇಕು. ಎರಡನ್ನೂ ಮುಚ್ಚಿದರೆ ಅಂಕೆಗೆ ಅರ್ಥವಿಲ್ಲ. ಈಗಲೇ ಹೋಸ್ ಒಳಗೆ ಮೂಸಿ ನೋಡಿ. ಪೆಟ್ರೋಲ್ ಹಸಿಯಾಗಿ ಕಂಡರೆ ರೆಗ್ಯುಲೇಟರ್‌ನ ಡಯಾಫ್ರಾಮ್ ಹರಿದಿದೆ, ಮುಂದುವರಿಯುವ ಪ್ರಶ್ನೆಯೇ ಇಲ್ಲ.

4. ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಪಂಪ್ ಮಾತ್ರ ಓಡಿಸಿ. ಕೀ ಹಾಕಿದಾಗ ಹೆಚ್ಚಿನ ಗಾಡಿಗಳಲ್ಲಿ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ, ಅದು ಸಾಲದು. ಇಸಿಯು ಸಾಫ್ಟ್‌ವೇರ್‌ನ ಔಟ್‌ಪುಟ್ ಟೆಸ್ಟ್‌ನಿಂದ ಅಥವಾ ರಿಲೇ ಸಾಕೆಟ್‌ನಲ್ಲಿ ಫ್ಯೂಸ್ ಇರುವ ಜಂಪರ್ ವೈರ್ ಹಾಕಿ ಓಡಿಸಿ. ಮೊದಲು ಗೇಜ್ ನೋಡಬೇಡಿ, ಪ್ರತಿ ಜೋಡಣೆಯನ್ನು ಟಾರ್ಚ್ ಹಿಡಿದು ನೋಡಿ. ಒಂದೇ ಒಂದು ಹನಿ ಸೋರಿದರೂ ಅಲ್ಲಿಗೇ ನಿಲ್ಲಿಸಿ.

5. ಸ್ಕ್ರೂ ಸಡಿಲವಿದ್ದಾಗ ಗೇಜ್ ಎಷ್ಟು ತೋರಿಸುತ್ತದೆ ಬರೆದಿಟ್ಟುಕೊಳ್ಳಿ. ನಿಮ್ಮ ಗುರಿಗಿಂತ ಸಾಕಷ್ಟು ಕೆಳಗಿರಬೇಕು. ಗುರಿ 3 ಬಾರ್, ಸ್ಕ್ರೂ ಪೂರ್ತಿ ಸಡಿಲ, ಆದರೂ ಗೇಜ್ 3.4 ತೋರಿಸುತ್ತಿದ್ದರೆ ರಿಟರ್ನ್ ದಾರಿ ಕಿರಿದಾಗಿದೆ. ದೊಡ್ಡ ಪಂಪ್ ಹಾಕಿ ಮೂಲ ರಿಟರ್ನ್ ಪೈಪನ್ನೇ ಉಳಿಸಿಕೊಂಡಾಗ ಹೀಗಾಗುವುದು ಮಾಮೂಲು. ಪೈಪ್ ಮಡಚಿದೆಯೇ ನೋಡಿ, ಇಲ್ಲದಿದ್ದರೆ ಎಎನ್-6, ಅಂದರೆ ಮೂರು ಎಂಟನೇ ಇಂಚಿನ ರಿಟರ್ನ್ ಹಾಕಿ.

6. ಕಾಲು ಸುತ್ತು, ಕಾಲು ಸುತ್ತು ಬಲಕ್ಕೆ ತಿರುಗಿಸುತ್ತಾ ಗುರಿಗೆ ಬನ್ನಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ದಾಟಿಹೋದರೆ ಅರ್ಧ ಬಾರ್ ಕೆಳಗಿಳಿಸಿ ಮತ್ತೆ ಏರಿಸಿ, ಸ್ಪ್ರಿಂಗ್ ಮತ್ತು ಡಯಾಫ್ರಾಮ್ ಸರಿಯಾಗಿ ಕೂರುತ್ತವೆ.

7. ಸ್ಕ್ರೂ ಅಲುಗದಂತೆ ಆಲನ್ ಕೀಯಿಂದ ಹಿಡಿದು ಲಾಕ್‌ನಟ್ ಬಿಗಿಯಿರಿ. ಬಿಗಿಯುವಾಗ ಅಂಕೆ ಸ್ವಲ್ಪ ಸರಿಯುತ್ತದೆ, ಮತ್ತೆ ಗೇಜ್ ನೋಡಿ.

8. ಜಂಪರ್ ತೆಗೆದು ಎಂಜಿನ್ ಚಾಲೂ ಮಾಡಿ. ಹೋಸ್ ಇನ್ನೂ ಬಿಚ್ಚಿದ್ದೇ ಇರಲಿ. ಈಗ ಆಲ್ಟರ್ನೇಟರ್ ಓಡುತ್ತಿರುವುದರಿಂದ ವೋಲ್ಟೇಜ್ ಹೆಚ್ಚಿರುತ್ತದೆ, ಅಂಕೆ ಕೂದಲೆಳೆಯಷ್ಟು ಬದಲಾಗಬಹುದು. ಅಂತಿಮವಾಗಿ ನಂಬಬೇಕಾದದ್ದು ಈ ಅಂಕೆಯನ್ನೇ. ಬೇಕಿದ್ದರೆ ತಿದ್ದಿ.

9. ಹೋಸ್ ಜೋಡಿಸಿ. ಗೇಜ್ ವ್ಯಾಕ್ಯೂಮ್‌ನಷ್ಟೇ ಇಳಿಯಬೇಕು. ಇಳಿಯದಿದ್ದರೆ ಹೋಸ್ ಕಟ್ಟಿಕೊಂಡಿದೆ, ಸೀಳಿದೆ ಅಥವಾ ತಪ್ಪು ಜಾಗಕ್ಕೆ ಹೋಗಿದೆ.

10. ಎಂಜಿನ್ ನಿಲ್ಲಿಸಿ ಗೇಜ್ ಗಮನಿಸಿ. ಒತ್ತಡ ನಿಧಾನವಾಗಿ ಇಳಿದರೆ ಚಿಂತೆಯಿಲ್ಲ. ಮಾರುಕಟ್ಟೆಯ ಹಲವು ಹೊಂದಿಸುವ ರೆಗ್ಯುಲೇಟರ್‌ಗಳು ಒತ್ತಡವನ್ನು ಬಹಳ ಹೊತ್ತು ಹಿಡಿಯುವುದಿಲ್ಲ. ಕ್ಷಣದಲ್ಲಿ ಸೊನ್ನೆಗೆ ಬಿದ್ದು, ಗಾಡಿ ಬಿಸಿಯಿದ್ದಾಗ ಚಾಲೂ ಆಗಲು ತಡವಾಗುತ್ತಿದ್ದರೆ ಪಂಪ್‌ನ ಚೆಕ್ ವಾಲ್ವ್, ಸೋರುವ ಇಂಜೆಕ್ಟರ್, ರೆಗ್ಯುಲೇಟರ್ ಸೀಟು ಈ ಮೂರನ್ನು ಅನುಮಾನಿಸಿ. ರಿಟರ್ನ್ ಹೋಸ್ ಹಿಚುಕಿದಾಗ ಒತ್ತಡ ಇಳಿಯದೆ ನಿಂತರೆ ತಪ್ಪು ರೆಗ್ಯುಲೇಟರ್‌ನದು; ಪಂಪ್ ಕಡೆಯ ಹೋಸ್ ಹಿಚುಕಿದಾಗ ನಿಂತರೆ ಚೆಕ್ ವಾಲ್ವ್; ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್. ಸ್ಟೀಲ್ ಜಾಲರಿಯ ಹೋಸ್ ಹಿಚುಕಬೇಡಿ, ಒಳಗೆ ಒಡೆಯುತ್ತದೆ.

ಟರ್ಬೊ ಗಾಡಿಗೆ ಇನ್ನೊಂದು ಪರೀಕ್ಷೆ ರಸ್ತೆಗಿಳಿಯುವ ಮೊದಲೇ ಮಾಡಬಹುದು. ಪಂಪ್ ಮಾತ್ರ ಓಡುತ್ತಿರುವಾಗ ರೆಗ್ಯುಲೇಟರ್ ಮೂತಿಗೆ ಗೇಜ್ ಇರುವ ಕೈಪಂಪ್‌ನಿಂದ ಗಾಳಿ ಒತ್ತಿ. 0.5 ಬಾರ್ ಕೊಟ್ಟರೆ ರೈಲ್ 3.5ಕ್ಕೆ, 1 ಬಾರ್ ಕೊಟ್ಟರೆ 4ಕ್ಕೆ ಏರಬೇಕು. ನೀವು ಓಡಿಸಲಿರುವ ಗರಿಷ್ಠ ಬೂಸ್ಟ್‌ವರೆಗೆ ಹೋಗಿ ನೋಡಿ. ಗಾಳಿ ಒತ್ತಡ ನಿಲ್ಲದೆ ಇಳಿಯುತ್ತಿದ್ದರೆ ಡಯಾಫ್ರಾಮ್ ಅಥವಾ ಮೇಲಿನ ಮುಚ್ಚಳದ ಸೀಲ್ ಸೋರುತ್ತಿದೆ.

ಹೊರೆ ಬಿದ್ದಾಗ

ಐಡಲ್‌ನಲ್ಲಿ ಸರಿಯಾದ ಅಂಕೆ ಎಲ್ಲ ಪಂಪ್‌ಗಳೂ ತೋರಿಸುತ್ತವೆ, ಸತ್ತುಹೋಗುತ್ತಿರುವ ಪಂಪ್ ಕೂಡ. ಐಡಲ್‌ನಲ್ಲಿ ಎಂಜಿನ್ ಕುಡಿಯುವುದು ಎಷ್ಟು ಮಹಾ. ನಿಜವಾದ ಪರೀಕ್ಷೆ ಗಾಡಿಯ ಶಕ್ತಿ ಅಳೆಯುವ ಡೈನೋ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ. ರೈಲ್ ಒತ್ತಡ, ಮ್ಯಾನಿಫೋಲ್ಡ್ ಒತ್ತಡ, ಬ್ಯಾಟರಿ ವೋಲ್ಟೇಜ್, ವೈಡ್‌ಬ್ಯಾಂಡ್ ಲ್ಯಾಂಬ್ಡಾ (ಮಿಶ್ರಣದ ಅಳತೆ; 1ಕ್ಕಿಂತ ಕಡಿಮೆಯಾದಷ್ಟೂ ರಿಚ್), ಆರ್‌ಪಿಎಂ ಐದನ್ನೂ ಒಟ್ಟಿಗೆ ಲಾಗ್ ಮಾಡಿ. ರೈಲ್ ಒತ್ತಡದಿಂದ ಮ್ಯಾನಿಫೋಲ್ಡ್ ಬೂಸ್ಟ್ ಕಳೆದರೆ ಬರುವ ಗೆರೆ ನೆಟ್ಟಗೆ 3 ಬಾರ್‌ನಲ್ಲಿ ಮಲಗಿರಬೇಕು. ಎರಡು ಸೆನ್ಸರ್‌ಗಳಲ್ಲಿ ಒಂದು ಗಾಳಿಯ ಒತ್ತಡವನ್ನೂ ಸೇರಿಸಿ ಓದುತ್ತದೆ, ಇನ್ನೊಂದು ಇಲ್ಲ ಎಂದಾದರೆ ಆ 1 ಬಾರ್ ವ್ಯತ್ಯಾಸ ಕಳೆಯಲು ಮರೆಯಬೇಡಿ.

ಆ ಗೆರೆ ಯಾವಾಗ ಬೀಳುತ್ತದೆ ಎಂಬುದೇ ರೋಗ ಹೇಳುತ್ತದೆ. ಬೂಸ್ಟ್ ಏರಲು ಶುರುವಾದ ಕ್ಷಣದಿಂದಲೇ, ಆರ್‌ಪಿಎಂ ಎಷ್ಟೇ ಇರಲಿ, ಬೂಸ್ಟ್‌ನಷ್ಟೇ ಬೀಳುತ್ತಿದ್ದರೆ ರೆಫರೆನ್ಸ್ ಹೋಸ್‌ನ ಸಮಸ್ಯೆ. 1.2 ಬಾರ್ ಬೂಸ್ಟ್‌ನಲ್ಲಿ 5000 ಆರ್‌ಪಿಎಂ ತನಕ ರೈಲ್ 4.2 ಹಿಡಿದು, 6500ರ ಹೊತ್ತಿಗೆ 3.7ಕ್ಕೆ ಜಾರಿದರೆ ಪೂರೈಕೆ ಸಾಲುತ್ತಿಲ್ಲ. ಆಗ ವ್ಯತ್ಯಾಸ 2.5 ಬಾರ್, ಪೆಟ್ರೋಲ್ ಸುಮಾರು 9 ಶೇಕಡಾ ಕಡಿಮೆ. ಲ್ಯಾಂಬ್ಡಾ 0.80 ಇದ್ದದ್ದು 0.88ರ ಹತ್ತಿರ ಬರುತ್ತದೆ, ಹೆಚ್ಚು ಬೂಸ್ಟ್‌ನಲ್ಲಿ ನಾಕ್, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದು, ಶುರುವಾಗಲು ಅಷ್ಟು ಸಾಕು. ತಿರುವುಗಳಲ್ಲಿ ಮಾತ್ರ ಬಿದ್ದು ನೆಟ್ಟಗೆ ಹೋಗುವಾಗ ಸರಿಯಿದ್ದರೆ ಟ್ಯಾಂಕ್‌ನಲ್ಲಿ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತಿದೆ. ಅದಕ್ಕೆ ಸದಾ ಪೆಟ್ರೋಲ್ ತುಂಬಿಕೊಂಡಿರುವ ಸಣ್ಣ ಸರ್ಜ್ ಟ್ಯಾಂಕ್ ಬೇಕು. ಅರ್ಧ ಗಂಟೆ ಓಡಿಸಿದ ಮೇಲೆ, ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇದ್ದಾಗ ಬೀಳುತ್ತಿದ್ದರೆ ಪೆಟ್ರೋಲ್ ಬಿಸಿಯಾಗಿ ಆವಿ ಕಟ್ಟುತ್ತಿರಬಹುದು: ಭಾರೀ ಪಂಪ್ ಐಡಲ್‌ನಲ್ಲೂ ಪೂರ್ತಿ ಓಡುತ್ತಾ ಬಿಸಿ ರೈಲ್‌ನ ಪೆಟ್ರೋಲನ್ನು ಸುತ್ತಿಸುತ್ತಲೇ ಇರುತ್ತದೆ.

ಪೂರೈಕೆ ಸಾಲದಾಗ ಹುಡುಕುವ ಕ್ರಮ ಹೀಗಿರಲಿ: ಹೊರೆಯಲ್ಲಿ ಪಂಪ್ ಕನೆಕ್ಟರ್‌ನ ವೋಲ್ಟೇಜ್, ಫಿಲ್ಟರ್, ಟ್ಯಾಂಕ್ ಒಳಗಿನ ಜಾಲರಿ, ಟ್ಯಾಂಕ್ ಒಳಗಿನ ಹೋಸ್‌ನ ಸೀಳು, ಕೊನೆಗೆ ಪಂಪ್. ವೋಲ್ಟೇಜ್ ನೋಡದೆ ಪಂಪ್ ಬದಲಿಸುವುದು ದುಡ್ಡು ದಂಡ.

ಈ ಹಂತದಲ್ಲೇ ಸ್ಕ್ರೂ ತಿರುಗಿಸುವ ಆಸೆ ಹುಟ್ಟುತ್ತದೆ. ಬೇಸ್ 3.5ಕ್ಕೆ ಏರಿಸಿದರೆ ಐಡಲ್, ಮಧ್ಯಮ ವೇಗ ಎಲ್ಲ ರಿಚ್ ಆಗುತ್ತವೆ. ಸಾಲದೆ ಬರುತ್ತಿದ್ದ 6500ರಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ರೆಗ್ಯುಲೇಟರ್ ಆಗಲೇ ಪೂರ್ತಿ ಮುಚ್ಚಿ ಕೂತಿದೆ, ಪಂಪ್ ತನ್ನ ಕೈಲಾದಷ್ಟು ಕೊಟ್ಟಾಗಿದೆ. ಆಮೇಲೆ ರಿಚ್ ಆಯಿತೆಂದು ಮ್ಯಾಪ್‌ನಲ್ಲಿ ಎಲ್ಲ ಕಡೆ ಪೆಟ್ರೋಲ್ ಕಡಿಮೆ ಮಾಡಿದರಂತೂ ಟಾಪ್ ಎಂಡ್ ಮೊದಲಿಗಿಂತ ಲೀನ್.

ಇಸಿಯುಗೆ ತಿಳಿಸುವುದು

ಅಂಕೆ ನಿಂತ ಮೇಲೆ ಇಸಿಯುನಲ್ಲಿ ಮೂರು ವಿಷಯ ಸರಿಯಿರಬೇಕು: ಆ ವ್ಯತ್ಯಾಸ ಒತ್ತಡದಲ್ಲಿ ಇಂಜೆಕ್ಟರ್‌ನ ಹರಿವು, ಅದೇ ಒತ್ತಡಕ್ಕೆ ವೋಲ್ಟೇಜ್‌ವಾರು ಡೆಡ್ ಟೈಮ್ ಕೋಷ್ಟಕ, ಮತ್ತು ಒತ್ತಡದ ಸೆನ್ಸರ್ ಇದ್ದರೆ ಅದರ ಅಳತೆ. ಟ್ಯೂನ್ ಆದ ಮೇಲೆ ಬೇಸ್ ಬದಲಿಸಲೇಬೇಕಾಗಿ ಬಂದರೆ ಮ್ಯಾಪ್ ಕೆದಕಬೇಡಿ. ಹಳೆಯ ಹರಿವಿನ ಅಂಕೆಯನ್ನು ಹೊಸ ಒತ್ತಡ ಭಾಗಿಸು ಹಳೆಯ ಒತ್ತಡದ ವರ್ಗಮೂಲದಿಂದ ಗುಣಿಸಿ ಹಾಕಿ, ಡೆಡ್ ಟೈಮ್ ಬದಲಿಸಿ, ಲ್ಯಾಂಬ್ಡಾ ನೋಡಿ ಪರೀಕ್ಷಿಸಿ. 3ರಿಂದ 3.3 ಬಾರ್‌ಗೆ ಹೋದರೆ ಗುಣಕ 1.049.

ಸೆನ್ಸರ್ ಇದ್ದರೆ ರಕ್ಷಣೆಯನ್ನೂ ಹಾಕಿಕೊಳ್ಳಿ. ಬೂಸ್ಟ್‌ನಲ್ಲಿ ವ್ಯತ್ಯಾಸ ಗುರಿಗಿಂತ ಅರ್ಧ ಬಾರ್ ಕೆಳಗಿಳಿದು ಕ್ಷಣಕಾಲ ಅಲ್ಲೇ ಉಳಿದರೆ ಇಸಿಯು ಬೂಸ್ಟ್ ಕಡಿದು ಆರ್‌ಪಿಎಂ ಮಿತಿ ಇಳಿಸಲಿ. ದೊಡ್ಡ ಇಂಜೆಕ್ಟರ್‌ಗಳ ತೆರೆ-ಮುಚ್ಚಿನಿಂದ ರೈಲ್ ಮಿಡಿಯುವುದರಿಂದ ಈ ಮಿತಿಯನ್ನು ತೀರಾ ಬಿಗಿಯಾಗಿ ಇಟ್ಟರೆ ಸುಮ್ಮಸುಮ್ಮನೆ ಕಡಿಯುತ್ತದೆ.

ಪಂಪ್, ಫಿಲ್ಟರ್, ಇಂಜೆಕ್ಟರ್, ರಿಟರ್ನ್ ಲೈನ್ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಬೇಸ್ ಮತ್ತೆ ಅಳೆಯಬೇಕು. ಹೊಸ ರೆಗ್ಯುಲೇಟರ್ ಆದರೆ ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ, ಸ್ಪ್ರಿಂಗ್ ಕೂತು ಅಂಕೆ ಸ್ವಲ್ಪ ಇಳಿದಿರಬಹುದು. ಲಾಕ್‌ನಟ್ ಮತ್ತು ಸ್ಕ್ರೂ ಮೇಲೆ ಒಂದು ಗೆರೆ ಬಣ್ಣ ಎಳೆದಿಟ್ಟರೆ ಯಾರಾದರೂ ತಿರುಗಿಸಿದ್ದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಬೇರೆ ವ್ಯವಸ್ಥೆಗಳು

ಕಾರ್ಬುರೇಟರ್‌ನಲ್ಲಿ ಒತ್ತಡದ ಕೆಲಸ ಫ್ಲೋಟ್ ಬೌಲ್ ತುಂಬುವುದಷ್ಟೇ, ಮಿಶ್ರಣ ತೀರ್ಮಾನಿಸುವುದು ಜೆಟ್. ವೆಬರ್ ಡಿಸಿಒಇಗೆ 3 ಪಿಎಸ್‌ಐ ಆಸುಪಾಸು ಸಾಕು, ಹೋಲಿ ಮಾದರಿಯ ದೊಡ್ಡ ಕಾರ್ಬುರೇಟರ್‌ಗಳಿಗೆ 5ರಿಂದ 7. ಹೆಚ್ಚಾದರೆ ಸೂಜಿ ವಾಲ್ವ್ ಸೋತು ಬೌಲ್ ಉಕ್ಕುತ್ತದೆ, ಕಪ್ಪು ಹೊಗೆ ಬರುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲುತ್ತದೆ. ಇದಕ್ಕೆ 0ರಿಂದ 15 ಪಿಎಸ್‌ಐ ಗೇಜ್ ಬೇಕು. ಇಂಜೆಕ್ಷನ್ ಗೇಜ್‌ನಲ್ಲಿ 3 ಪಿಎಸ್‌ಐ ಕಾಣಿಸುವುದೇ ಇಲ್ಲ. ಇಂಜೆಕ್ಷನ್ ರೆಗ್ಯುಲೇಟರ್ ಅಷ್ಟು ಕೆಳಗೆ ಇಳಿಯದು, ಕಾರ್ಬುರೇಟರ್‌ನದೇ ಬೇರೆ ಬರುತ್ತದೆ. ಟರ್ಬೊ ಗಾಳಿಯನ್ನು ಕಾರ್ಬುರೇಟರ್ ಮೂಲಕ ಊದುವ ಎಂಜಿನ್‌ಗೆ ಇಲ್ಲೂ ಬೂಸ್ಟ್ ರೆಫರೆನ್ಸ್ ಬೇಕೇ ಬೇಕು, ಇಲ್ಲದಿದ್ದರೆ ಬೂಸ್ಟ್ ಬಂದಾಗ ಬೌಲ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ.

ರಿಟರ್ನ್ ಇಲ್ಲದ ವ್ಯವಸ್ಥೆಯಲ್ಲಿ ರೆಗ್ಯುಲೇಟರ್ ಟ್ಯಾಂಕ್ ಒಳಗೇ ಇದ್ದು ರೈಲ್ ಒತ್ತಡ ಸ್ಥಿರವಾಗಿರುತ್ತದೆ, ಅಥವಾ ಇಸಿಯು ಪಂಪ್‌ನ ವೇಗ ಬದಲಿಸಿ ನಿಭಾಯಿಸುತ್ತದೆ. ಮ್ಯಾನಿಫೋಲ್ಡ್ ಒತ್ತಡದ ಏರಿಳಿತವನ್ನು ಇಸಿಯು ಇಂಜೆಕ್ಟರ್ ತೆರೆಯುವ ಸಮಯದಲ್ಲೇ ಸರಿದೂಗಿಸುತ್ತದೆ. ಇಂಥ ಗಾಡಿಗೆ ಟರ್ಬೊ ಹಾಕಿ, ರಿಟರ್ನ್ ಲೈನ್ ಎಳೆದು, ರೆಫರೆನ್ಸ್ ರೆಗ್ಯುಲೇಟರ್ ಕೂರಿಸಿದರೆ ಇಸಿಯುನಲ್ಲಿನ ಆ ಹಳೆಯ ಲೆಕ್ಕವನ್ನು ತೆಗೆಸಲೇಬೇಕು. ಇಲ್ಲದಿದ್ದರೆ ರೆಗ್ಯುಲೇಟರ್ ಒಮ್ಮೆ, ಇಸಿಯು ಇನ್ನೊಮ್ಮೆ, ಹೀಗೆ ಎರಡು ಸಲ ಸರಿದೂಗಿಸಿ ಬೂಸ್ಟ್‌ನಲ್ಲಿ ವಿಪರೀತ ರಿಚ್, ಐಡಲ್‌ನಲ್ಲಿ ಲೀನ್ ಆಗುತ್ತದೆ.

ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಕ್ಯಾಮ್‌ನಿಂದ ಓಡುವ ಪಂಪ್ ಹುಟ್ಟಿಸುವ ಒತ್ತಡ 100, 200 ಬಾರ್‌ಗಳ ಲೆಕ್ಕದಲ್ಲಿರುತ್ತದೆ, ಅದನ್ನು ಪೂರ್ತಿ ಇಸಿಯು ನೋಡಿಕೊಳ್ಳುತ್ತದೆ. ಅಲ್ಲಿ ಸ್ಕ್ರೂ ಇಲ್ಲ, ಕೈಯಿಂದ ಹೊಂದಿಸುವಂಥದ್ದೂ ಇಲ್ಲ. ಟ್ಯಾಂಕ್‌ನಿಂದ ಆ ಪಂಪ್‌ವರೆಗಿನ ಕೆಳ ಒತ್ತಡದ ಲೈನ್ ಮಾತ್ರ ಪರೀಕ್ಷಿಸಿ. ಅಲ್ಲಿ ಪೂರೈಕೆ ಸೋತರೆ ಮೇಲಿನ ಒತ್ತಡವೂ ಕುಸಿಯುತ್ತದೆ, ಆದ್ದರಿಂದ ಎರಡೂ ಒತ್ತಡಗಳನ್ನು ಒಟ್ಟಿಗೆ ಲಾಗ್ ಮಾಡಿದರೆ ಮೊದಲು ಬಿದ್ದದ್ದು ಯಾವುದೆಂದು ತಿಳಿಯುತ್ತದೆ. ಮೇಲಿನ ಒತ್ತಡದ ಪೈಪ್ ಜೋಡಣೆಗಳನ್ನು ಎಂಜಿನ್ ಓಡುವಾಗ ಸಡಿಲಿಸಲೇಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಪೆಟ್ರೋಲ್ ಚರ್ಮ ತೂರಿ ಒಳಹೋಗುತ್ತದೆ.